ಅಟ್ಟ ಹತ್ತಿ ಆರಿಸಿದ ಹೆಂಚಿನವ

ನಮ್ಮನೆ ಮಾಡು ಸೋರುತ್ತಿತ್ತು. ಕೇರಿಗೆಲ್ಲ ಗೊತ್ತಿದ್ದ ವಿಷಯ, ಮುಚ್ಚಿಡುವಂಥದ್ದೇನಿಲ್ಲ. ಸಾಗರದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದಕ್ಕೊಂದು ತಾಗಿಕೊಂಡ ಹೆಂಚಿನ ಮನೆಗಳ ಸಾಲಿನಲ್ಲಿ ನಮ್ಮದೂ ಒಂದು. ಮಂಗಗಳಿಗೆ ಆ ಸಾಲೇ ರಸ್ತೆ. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗುವಾಗ ಒಂದು ಸಲ, ಸಂಜೆ ಬರುವಾಗ ಒಂದು ಸಲ ನಮ್ಮ ತಲೆ ಮೇಲೆ ಓಡಾಟ. ಒಂದು ಓಟಕ್ಕೆ ಎರಡು ಹೆಂಚು ಲೆಕ್ಕ ಹಿಡಿಯಿರಿ. ಮಳೆಗಾಲದಲ್ಲಿ ನಡುಮನೆಗೆ ಒಂದು ಪಾತ್ರೆ, ಅಡುಗೆಮನೆಗೆ ಒಂದು, ಹಿಂದಿನ ಕೋಣೆಗೆ ಒಂದು. ಇಟ್ಟು ಇಟ್ಟು ಅದೇ ಅಭ್ಯಾಸವಾಗಿ, ಬೇಸಿಗೆಯಲ್ಲೂ ನಾವು ಆ ಮೂರು ಜಾಗ ತಪ್ಪಿಸಿಯೇ ನಡೆಯುತ್ತಿದ್ದೆವು.

ಹಾಗೇ ಇರುತ್ತಿದ್ದೆವೋ ಏನೋ. ಮೊಮ್ಮಗಳ ಬಯಕೆ ಊಟದ ದಿನ ಎಲ್ಲ ತಲೆಕೆಳಗಾಯಿತು.

ಮೊಮ್ಮಗಳೆಂದರೆ ನನ್ನ ಮಗನ ಮಗಳು. ಒಬ್ಬಳೇ. ಕೊಟ್ಟದ್ದು ಕಾರ್ಗಲ್ಲಿಗೆ. ಐದು ತಿಂಗಳು ತುಂಬಿತು ಅಂತ ಕರೆಸಿದೆವು, ಬೀಗರೂ ಬೀಗಿತ್ತಿಯೂ ಬಂದರು. ಎಲೆ ಹಾಕಿ ಪಾಯಸ ಬಡಿಸಿ ಆಗಿತ್ತು. ಆ ಹೊತ್ತಿಗೇ ಮಂಗಗಳ ಸವಾರಿ. ದಡಬಡ ಅಂತ ಓಡಿದವು, ಹೆಂಚಿನ ಚೂರೊಂದು ಕಳಚಿ ಸೀದಾ ಬಂದು ಬಿದ್ದದ್ದು ಬೀಗಿತ್ತಿಯ ಎಲೆಗೆ. ಬೇರೆ ಯಾರ ಎಲೆಯೂ ಸಿಗಲಿಲ್ಲ ಅದಕ್ಕೆ.

ಬೀಗಿತ್ತಿ ಚೂರನ್ನು ಎರಡು ಬೆರಳಲ್ಲಿ ಎತ್ತಿ ಎಲೆಯ ಹೊರಗಿಟ್ಟಳು. "ಅಮ್ಮ, ಪಾಯಸಕ್ಕೆ ಗೋಡಂಬಿ ಸಾಕಿತ್ತು," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆಕೆ ತಲೆ ಎತ್ತಿ ಮಾಡನ್ನು ನೋಡುತ್ತಾ, "ಆಷಾಢದಲ್ಲಿ ಹೆರಿಗೆ. ಬಾಣಂತಿ, ಮಗು ಇಬ್ಬರಿಗೂ ಕೊಡೆ ಹಿಡ್ಕೊಂಡು ಕೂರ್ತೀರಾ? ನಮ್ದು ಟೆರೇಸ್ ಮನೆ, ಮೇಲಿಂದ ಶೀಟು ಬೇರೆ ಹಾಕ್ಸಿದೀವಿ. ಬಾಣಂತನ ನಮ್ಮಲ್ಲೇ ಆಗ್ಲಿ ಬಿಡಿ," ಅಂದಳು.

ಆಗ ಯಾರೂ ನಗಲಿಲ್ಲ. ಚೊಚ್ಚಲ ಬಾಣಂತನ ತವರಿನದು. ನನ್ನ ಮಗನ ಕಾಲದಲ್ಲಿ ನನ್ನ ತವರಿನವರು ಮಾಡಿದರು, ನನ್ನ ಸೊಸೆಗೆ ಅವಳ ತವರಿನವರು ಮಾಡಿದರು. ಈಗ ನಮ್ಮ ಸರದಿ ಬಂದಾಗ ಮಾಡು ಸೋರುತ್ತದೆ ಅಂತ ಬಿಟ್ಟುಕೊಡುವುದೇ? ಹೊರಡುವಾಗ ಮೊಮ್ಮಗಳು ಹಿತ್ತಲ ಬಾಗಿಲ ಹತ್ತಿರ ನನ್ನ ಸೆರಗು ಹಿಡಿದು, "ಅಜ್ಜಿ, ನಂಗೆ ಇಲ್ಲಿಗೇ ಬರ್ಬೇಕು. ಅತ್ತೆ ಹತ್ರ ಹೇಳೋಕೆ ನಂಗಾಗಲ್ಲ. ಏನಾದ್ರೂ ಮಾಡು," ಅಂದಳು. ಸರಿ, ಮಾಡುತ್ತೇನೆ ಅಂದೆ. ಮಳೆ ಹಿಡಿಯಲು ಮೂರು ತಿಂಗಳು ಇತ್ತು.

ನನ್ನ ಮಗ ತಾಲ್ಲೂಕು ಆಫೀಸಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯವನೇ. ಆದರೆ ಯಾರು ಜೋರಾಗಿ ಮಾತಾಡಿದರೂ ಅವರು ಹೇಳಿದ್ದೇ ಸರಿ ಅಂದುಬಿಡುತ್ತಾನೆ. ಮಾರನೇ ದಿನವೇ ಒಬ್ಬ ಕಂಟ್ರಾಕ್ಟರನ್ನು ಕರೆದುಕೊಂಡು ಬಂದ. ಜೀಪಿನಲ್ಲಿ ಬಂದ ಆಸಾಮಿ, ಇಸ್ತ್ರಿ ಮುರಿಯದ ಅಂಗಿ. ಮಾಡನ್ನು ಅಂಗಳದಿಂದಲೇ ನೋಡಿ, ಹೆಂಚೆಲ್ಲ ತೆಗೆದು ಶೀಟು ಹಾಕೋಣ ಅಂದ. ಮೊಬೈಲಿನಲ್ಲಿ ಮನೆಗಳ ವಿಡಿಯೋ ತೋರಿಸಿದ. ಕೆಂಪು ಶೀಟು, ನೀಲಿ ಶೀಟು, ಹಿಂದೆ ಹಾಡು ಬೇರೆ.

"ಹತ್ತು ವರ್ಷ ಗ್ಯಾರಂಟಿ ಅಮ್ಮ," ಅಂದ.

"ಯಾರ ಗ್ಯಾರಂಟಿ? ನನಗೆ ಎಪ್ಪತ್ತೆರಡು."

"ಶೀಟಿಗೆ ಅಮ್ಮ."

"ಶೀಟು ಸೋರೋದಿಲ್ಲಪ್ಪ, ನಂಗೂ ಗೊತ್ತು. ಸೋರೋದು ನೀವು ಮೊಳೆ ಹೊಡೆದ ಜಾಗ."

ಮಗ ನನ್ನನ್ನು ಕಣ್ಣಲ್ಲೇ ಸುಮ್ಮನಿರಿಸಲು ನೋಡಿದ. ನಾನು ಕಂಟ್ರಾಕ್ಟರನ ಹತ್ತಿರ ಅವನು ಕೆಲಸ ಮಾಡಿದ ಮನೆಗಳು ಎಲ್ಲೆಲ್ಲಿವೆ ಅಂತ ಕೇಳಿ, ಸೊಸೆಯ ಕೈಲಿ ಬರೆಸಿಕೊಂಡೆ. ಮಗ ಆಗಲೇ ಅದರಲ್ಲಿ ಎರಡು ಮನೆಗೆ ಹೋಗಿ ವಿಚಾರಿಸಿ ಬಂದಿದ್ದನಂತೆ. "ಇಬ್ರೂ ಒಂದು ಹನಿ ಬೀಳಲ್ಲ ಅಂದ್ರು ಅಮ್ಮ."

ಅವನು ವಿಚಾರಿಸಿದ್ದು ಹೇಗೆ? ಜಗಲಿ ಮೇಲೆ ಕೂತು, ಕಾಫಿ ಕುಡಿದು, ಗಂಡಸರನ್ನು ಕೇಳಿದ್ದು. ತಾನೇ ಹುಡುಕಿ ತಂದ ಕಂಟ್ರಾಕ್ಟರ್ ಹಾಕಿದ ಮಾಡು ಸೋರುತ್ತದೆ ಅಂತ ಯಾವ ಗಂಡಸು ಜಗಲಿ ಮೇಲೆ ಕೂತು ಹೇಳುತ್ತಾನೆ? ನಮ್ಮ ಸೀಮೆಯಲ್ಲಂತೂ ಹೇಳುವುದಿಲ್ಲ. ಹೊಸ ಮಾಡು ಸೋರಿದರೆ ಮನೆಯವರ ಮರ್ಯಾದೆಯೇ ಸೋರಿದ ಹಾಗೆ ನಡೆದುಕೊಳ್ಳುತ್ತಾರೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮದುವೆ, ಮುಂಜಿ, ಗೃಹಪ್ರವೇಶ ಅಂತ ನಲವತ್ತು ವರ್ಷ ಕಂಡವರ ಮನೆಗಳಿಗೆ ಅಡುಗೆಗೆ ಹೋದವಳು. ಅಡುಗೆಯವಳನ್ನು ಎಲ್ಲರೂ ಮೊದಲು ಕಳಿಸುವುದು ಅಟ್ಟಕ್ಕೆ. ದೊಡ್ಡ ಪಾತ್ರೆ ಇರುವುದು ಅಲ್ಲೇ ನೋಡಿ. ಹಾಗಾಗಿ ಈ ಮೂರು ತಾಲ್ಲೂಕಿನಲ್ಲಿ ನಾನು ಹತ್ತದ ಅಟ್ಟ ಕಡಿಮೆ. ಒಂದು ಮಾತು ಖಾತ್ರಿ ಹೇಳುತ್ತೇನೆ. ಮನೆಯವರು ಬಾಯಲ್ಲಿ ಏನು ಬೇಕಾದರೂ ಹೇಳಬಹುದು, ಅಟ್ಟದಲ್ಲಿ ಸಾಮಾನು ಇಡುವುದರಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಹತ್ತಿಯ ಹಾಸಿಗೆ, ಹಪ್ಪಳದ ಡಬ್ಬ, ಮಕ್ಕಳ ಹಳೇ ಪುಸ್ತಕ ಇದ್ದರೆ ಆ ಮಾಡು ಒಣ ಮಾಡು. ಕೊಪ್ಪರಿಗೆ, ಕಡಾಯಿ, ತುಕ್ಕು ಹಿಡಿದ ಕಬ್ಬಿಣ ಮಾತ್ರ ಇದ್ದರೆ ನಮಸ್ಕಾರ ಹಾಕಿ ಇಳಿದು ಬನ್ನಿ.

ಹಾಗಂತ ಗುರುತಿಲ್ಲದವರ ಮನೆಗೆ ಹೋಗಿ ಅಟ್ಟ ತೋರಿಸಿ ಅನ್ನಲಾಗುತ್ತದೆಯೇ? ಅದಕ್ಕೆ ನನ್ನ ಹತ್ತಿರ ಉಪಾಯವಿತ್ತು. ಡೇರೆ ಗಡ್ಡೆ. ಡೇಲಿಯಾ ಅನ್ನುತ್ತಾರಲ್ಲ, ಆ ಡೇರೆ ಹೂವಿನ ಹುಚ್ಚಿಲ್ಲದ ಹೆಂಗಸು ನಮ್ಮ ಕಡೆ ಇಲ್ಲ. ಹೂವು ಮುಗಿದ ಮೇಲೆ ಗಡ್ಡೆ ಕಿತ್ತು, ಮಳೆಗಾಲದವರೆಗೆ ಅಟ್ಟದಲ್ಲಿ ಮಣ್ಣು ಮುಚ್ಚಿ ಇಟ್ಟಿರುತ್ತಾರೆ. ಗಡ್ಡೆ ಕೇಳಿಕೊಂಡು ಬಂದವರನ್ನು ವಾಪಸು ಕಳಿಸುವ ರೂಢಿಯೂ ಇಲ್ಲ.

ಸೊಸೆ ಸ್ಕೂಟರ್ ಹೊರಗೆ ತೆಗೆದಳು. ಅವಳು ಅಂಗನವಾಡಿ ಟೀಚರ್, ಭಾನುವಾರ ರಜೆ. ನಾನು ಹಿಂದೆ ಕೂತೆ, ಒಂದೇ ಕಡೆ ಕಾಲು ಹಾಕಿ, ಕೈಲಿ ಬಟ್ಟೆ ಚೀಲ. ಜೀಪಿನವನ ಮೊದಲ ಮನೆ ಊರ ಹೊರಗೇ ಇತ್ತು. ಮಿರಮಿರ ಹೊಳೆಯುವ ಶೀಟು. ಮನೆಯಾಕೆ ಒಳ್ಳೆಯವಳು. ಡೇರೆ ಅಂದದ್ದೇ ಮುಖ ಅರಳಿತು.

"ಹಳದಿ ಉಂಟು, ನೇರಳೆ ಉಂಟು, ಯಾವ್ದು ಬೇಕು ಅಮ್ಮ?"

"ಎರಡೂ ಕೊಡು ಮಾರಾಯ್ತಿ. ನೀನ್ಯಾಕೆ ಹತ್ತೋದು, ನಾನೇ ಹತ್ತಿ ಆರಿಸ್ಕೊಳ್ತೀನಿ."

ಹತ್ತಿದೆ. ಅಷ್ಟು ದೊಡ್ಡ ಅಟ್ಟ, ಒಂದು ಹಾಸಿಗೆ ಇಲ್ಲ. ಗಡ್ಡೆ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡು ಕೂತಿತ್ತು. ಉಳಿದ ಹಲಗೆಯ ಮೇಲೆ ದುಂಡಗೆ ಕಲೆ. ಇಲ್ಲೊಂದು, ಅಲ್ಲೊಂದು, ಆಚೆ ಎರಡು. ಬಕೆಟ್ಟಿನ ತಳದ ಗುರುತು. ನಾನು ಇಳಿದು ಬಂದು, "ನಾಲ್ಕು ಇಡ್ತೀರಾ?" ಅಂದೆ. ಅಷ್ಟೇ ಅಂದದ್ದು. ಆಕೆ ಬಾಗಿಲ ಕಡೆ ನೋಡಿ, ದನಿ ಇಳಿಸಿ, "ಐದು. ಯಾರ ಹತ್ರಾನೂ ಅನ್ಬೇಡಿ ಅಮ್ಮ, ನಮ್ಮನೆಯವ್ರೇ ಹುಡುಕಿ ಹಾಕ್ಸಿದ್ದು," ಅಂದಳು. ಜೀಪಿನವನ ಕತೆ ಅಲ್ಲಿಗೆ ಮುಗಿಯಿತು.

ಆಮೇಲೆ ಹೊಸನಗರದ ಒಬ್ಬನ ಹೆಸರು ಯಾರೋ ಹೇಳಿದರು. ಬಸ್ಸಿನಲ್ಲಿ ಹೋದೆವು, ಅವನು ಮಾಡಿದ ಎರಡು ಮನೆ ಹತ್ತಿ ಇಳಿದೆವು. ಒಂದರ ಅಟ್ಟದಲ್ಲಿ ರೇಷ್ಮೆ ಸೀರೆಯ ಟ್ರಂಕು. ಇನ್ನೊಂದರಲ್ಲಿ ಮನೆಯ ಅಜ್ಜ ಹಾಸಿಗೆ ಹಾಕಿಕೊಂಡು ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದ. ನನ್ನನ್ನು ನೋಡಿ ಎದ್ದು ಕೂತು "ಯಾರ್ ನೀನು?" ಅಂದ. "ಡೇರೆ ಗಡ್ಡೆಗೆ ಬಂದವಳು, ಮಲ್ಕೊಳ್ಳಿ," ಅಂದೆ. ಮಲಗಿದ. ಕೆಲಸದವ ಅಂದರೆ ಇವನೇ ಅಂತ ಅವನ ಮನೆ ಹುಡುಕಿಕೊಂಡು ಹೋದರೆ, "ದೀಪಾವಳಿ ಕಳೀಲಿ ಅಮ್ಮ, ಅಲ್ಲೀವರೆಗೆ ಪುರುಸೊತ್ತಿಲ್ಲ," ಅಂದುಬಿಟ್ಟ. ಒಳ್ಳೆಯ ಕೆಲಸದವನ ಗತಿಯೇ ಅದು. ನನ್ನ ಮೊಮ್ಮಗಳ ಮಗು ದೀಪಾವಳಿವರೆಗೆ ಕಾಯುತ್ತದೆಯೇ?

ಬರುವಾಗ ಬಸ್ಸಿನಲ್ಲಿ ಸೊಸೆ ಮಡಿಲಲ್ಲಿ ಗಡ್ಡೆಯ ಚೀಲ ಇಟ್ಟುಕೊಂಡು ಕಿಟಕಿ ಕಡೆ ತಿರುಗಿದ್ದಳು. ಅವಳ ಮಗಳ ಬಾಣಂತನ ತಾನೇ. "ಇನ್ನೂ ಎರಡು ತಿಂಗಳಿದೆ ಕಣೆ," ಅಂದೆ. ಅದಕ್ಕಿಂತ ಹೆಚ್ಚಿಗೆ ಸಮಾಧಾನ ಮಾಡಲು ನನಗೆ ಬರುವುದಿಲ್ಲ.

ಮುಂದಿನ ಭಾನುವಾರ ಕಾರ್ಗಲ್ಲಿಗೆ ಹೋದೆವು. ಮೊಮ್ಮಗಳು ಮಾವಿನಮಿಡಿ ಬೇಕು ಅಂತ ಫೋನು ಮಾಡಿದ್ದಳು. ಬೀಗರು ಲಿಂಗನಮಕ್ಕಿ ಅಣೆಕಟ್ಟಿನ ಕಡೆ ಕೆಲಸದಲ್ಲಿದ್ದು ರಿಟೈರ್ ಆದವರು. ಜಗಲಿಯಲ್ಲಿ ಕೂರಿಸಿ ಅವರ ಟೆರೇಸು, ಅದರ ಮೇಲಿನ ಶೀಟು, ಆ ಶೀಟಿನ ದಪ್ಪ ಎಲ್ಲ ವಿವರಿಸಿದರು. ಹಾಕಿದವನು ಯಾರು ಅಂತ ಕೇಳಿದೆ. ಅದೇ ಜೀಪಿನವ! ಅವನು ಬರೆಸಿದ ಪಟ್ಟಿಯಲ್ಲಿ ಈ ಮನೆ ಇರಲೇ ಇಲ್ಲ. ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಒಳಗೆ ಹೋಗಿ ಬೀಗಿತ್ತಿಗೆ, "ಡೇರೆ ಗಡ್ಡೆ ಇದ್ರೆ ಒಂದೆರಡು ಕೊಡಿ," ಅಂದೆ.

"ಇದೆ. ನೀವು ಕೂತ್ಕೊಳ್ಳಿ ಅಮ್ಮ, ನಾನೇ ತರ್ತೀನಿ."

"ಬಣ್ಣ ನೋಡಿ ಆರಿಸ್ಬೇಕು."

"ಗಡ್ಡೇಲಿ ಎಂಥ ಬಣ್ಣ ಕಾಣ್ತದೆ ಅಮ್ಮ? ಕೂತ್ಕೊಳ್ಳಿ ನೀವು."

ಇಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಆಕೆ ಕಾಫಿಗೆ ಹಾಲು ಇಡಲು ತಿರುಗಿದ ಕೂಡಲೇ ಮಹಡಿ ಮೆಟ್ಟಿಲು ಹಿಡಿದೆ. ಮೇಲಿನ ಕೋಣೆಯ ಬಾಗಿಲ ಹಿಂದೆ ಒಂದರೊಳಗೊಂದು ಸೇರಿಸಿಟ್ಟ ಬಕೆಟ್ಟುಗಳು. ಎಣಿಸಿದೆ. ಐದು. ತಾರಸಿಯಲ್ಲಿ ನಕಾಶೆಯ ಹಾಗೆ ಕಲೆ. ತಿರುಗಿ ನೋಡಿದರೆ ಬೀಗಿತ್ತಿ ಬಾಗಿಲಲ್ಲಿ ನಿಂತಿದ್ದಾಳೆ, ಕೈಲಿ ಇಕ್ಕಳ.

ಬೇರೆಯವರಾದರೆ ನೋಡದ ಹಾಗೆ ಇಳಿದು ಬರುತ್ತಿದ್ದರು. ನನಗೆ ಅಂಥ ನಾಜೂಕು ಬರುವುದಿಲ್ಲ. "ಬೀಗಿತ್ತಿಯವ್ರೇ, ನಮ್ಮನೇಲಿ ಮೂರೇ ಪಾತ್ರೆ," ಅಂದೆ. "ಇಡೀ ಲಿಂಗನಮಕ್ಕಿ ನೀರು ತಡೆದು ನಿಲ್ಸಿದ ಊರು. ಒಂದು ಮಾಡಿನ ನೀರು ತಡೆಯೋಕಾಗ್ಲಿಲ್ವಾ ನಿಮ್ಗೆ?"

ಆಕೆ ಒಂದು ಗಳಿಗೆ ಬಿಗಿದುಕೊಂಡೇ ನಿಂತಿದ್ದಳು. ಆಮೇಲೆ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡಳು. ಕೆಳಗೆ ಹಾಲು ಉಕ್ಕಿ ಹೋಯಿತು, ಸೊಸೆ ಕೂಗುತ್ತಿದ್ದಳು, ನಾವಿಬ್ಬರೂ ಆ ಬಕೆಟ್ಟುಗಳ ಮುಂದೆ ನಿಂತು ನಗುತ್ತಲೇ ಇದ್ದೆವು.

"ಎರಡು ವರ್ಷದಿಂದ ಹೀಗೆ ಅಮ್ಮ," ಅಂದಳು ಕಣ್ಣೊರೆಸಿಕೊಂಡು. "ನಮ್ಮನೆಯವ್ರು ಒಪ್ಪಲ್ಲ. ಅದು ಸೋರೋದಲ್ಲ, ಗಾಳಿಗೆ ಇರಚಲು ಬರೋದು ಅಂತಾರೆ. ತೀರ್ಥಹಳ್ಳೀಲಿ ನನ್ನ ತಂಗಿ ಮನೆ ಮಾಡಿದವ ಒಬ್ಬ ಇದಾನೆ. ಚಿನ್ನದಂಥ ಕೆಲ್ಸ. ಕರೆಸಿದ್ರೆ ಇವ್ರು ತಪ್ಪು ಒಪ್ಕೊಂಡ ಹಾಗಾಗ್ತದಲ್ಲ, ಅದ್ಕೇ ಕರೆಸಲ್ಲ."

"ಅವನ್ನ ನಮ್ಮನೆಗೆ ಕರೆಸ್ತೀನಿ. ಬಾಣಂತನ ಯಾರ ಮನೇಲಿ?"

ಬೀಗಿತ್ತಿ ಏನು ಸಾಮಾನ್ಯದವಳಲ್ಲ. ಸ್ವಲ್ಪ ಯೋಚಿಸಿ, "ಮೊದಲ ದೊಡ್ಡ ಮಳೆಗೆ ನಾನೇ ಬಂದು ನಿಮ್ಮ ಅಟ್ಟ ಹತ್ತಿ ನೋಡ್ತೀನಿ," ಅಂದಳು. "ಒಂದು ಹನಿ ಬಿದ್ರೂ ಹುಡುಗಿ ಕಾರ್ಗಲ್ಲಿಗೆ. ಬೀಳದಿದ್ರೆ ನಿಮ್ಮಲ್ಲೇ. ಆಮೇಲೆ ನಿಮ್ಮ ಮಾಡು ನೋಡಿ ನಮ್ಮನೆಯವ್ರಿಗೆ ಹೊಟ್ಟೆಕಿಚ್ಚು ಬಂದು ಅವ್ರೇ ಅವನ್ನ ಕರೆಸ್ಬೇಕು. ಅದು ನಿಮ್ಮ ಜವಾಬ್ದಾರಿ."

"ನಿಮ್ಮನೇಲಿ ಐದು ಕಡೆ ಬೀಳಬಹುದು, ನಮ್ಮನೇಲಿ ಒಂದೂ ಬೀಳಬಾರ್ದಾ?"

"ಬೀಳಬಾರ್ದು. ನಾನು ಗಂಡು ಹೆತ್ತವಳಲ್ವಾ?" ಅಂದಳು, ಮತ್ತೆ ನಗು.

ತಂಗಿ ಮನೆಯೊಂದನ್ನೇ ನಂಬಲಾಗುತ್ತದೆಯೇ. ಇಬ್ಬರೂ ಒಟ್ಟಿಗೆ ತೀರ್ಥಹಳ್ಳಿ ಬಸ್ಸು ಹತ್ತಿ ಮೂರು ಮನೆ ನೋಡಿದೆವು. ಸುಳ್ಳು ಹೇಳುವುದರಲ್ಲಿ ಬೀಗಿತ್ತಿ ನನ್ನಷ್ಟು ಪಳಗಿಲ್ಲ. ಒಂದು ಮನೆಯಲ್ಲಿ ಯಾವ ಬಣ್ಣದ್ದು ಬೇಕು ಅಂತ ಕೇಳಿದ್ದಕ್ಕೆ "ಸೋರದೇ ಇರೋದು" ಅಂದುಬಿಟ್ಟಳು. ನಾನು ಕೆಮ್ಮಿದೆ. ಆದರೆ ಮೂರೂ ಅಟ್ಟ ಭರ್ತಿ. ಒಂದರಲ್ಲಂತೂ ರಟ್ಟಿನ ಪೆಟ್ಟಿಗೆಯನ್ನು ಹಲಗೆಯ ಮೇಲೇ ಇಟ್ಟಿದ್ದರು, ಅಡಿಗೆ ಒಂದು ಇಟ್ಟಿಗೆ ಕೂಡ ಕೊಟ್ಟಿರಲಿಲ್ಲ. ಅಷ್ಟು ಧೈರ್ಯ! ಬೀಗಿತ್ತಿ ಇಳಿಯುವಾಗ ಸೀರೆ ಏಣಿಗೆ ಸಿಕ್ಕಿಹಾಕಿಕೊಂಡು ನಡುವೆ ನಿಂತಳು. ಮನೆಯವರು ಮೂರು ಜನ ಸೇರಿ ಬಿಡಿಸಬೇಕಾಯಿತು. ವಾಪಸು ಬರುವಾಗ ಎರಡು ಚೀಲ ಗಡ್ಡೆ. ಕಂಡಕ್ಟರ್, "ಅಜ್ಜಿ, ತೋಟಗಾರಿಕೆ ಇಲಾಖೆಯವ್ರಾ?" ಅಂದ.

ತೀರ್ಥಹಳ್ಳಿಯವನು ಚೈತ್ರದಲ್ಲಿ ಬಂದ. ಬಡಕಲು ಆಳು, ಐವತ್ತು ದಾಟಿರಬೇಕು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ. ಮಾಡನ್ನು ನೋಡಲೇ ಇಲ್ಲ. ಸೀದಾ ಒಳಗೆ ಬಂದು, "ಮಳೆಗಾಲದಲ್ಲಿ ಪಾತ್ರೆ ಎಲ್ಲೆಲ್ಲಿ ಇಡ್ತೀರಿ ಅಮ್ಮ?" ಅಂದ.

ಇಷ್ಟು ಜನರಲ್ಲಿ ಈ ಮಾತು ಕೇಳಿದವನು ಅವನೊಬ್ಬನೇ. ನನಗೆ ಅಲ್ಲೇ ಮನಸ್ಸು ತುಂಬಿತು. ತೋರಿಸಿದೆ. ಮೂರೂ ಕಡೆ ಸೀಮೆಸುಣ್ಣದಲ್ಲಿ ನೆಲಕ್ಕೆ ಗುರುತು ಹಾಕಿಕೊಂಡ. "ನೀರು ಬೀಳೋ ಜಾಗ ಬೇರೆ, ಒಳಗೆ ಬರೋ ಜಾಗ ಬೇರೆ," ಅಂತ ತನ್ನಷ್ಟಕ್ಕೇ ಅಂದುಕೊಂಡು ಅಟ್ಟ ಹತ್ತಿದ. ಇಳಿದು ಬಂದು, ಶೀಟು ಬೇಡ, ಹೆಂಚು ಮುಕ್ಕಾಲು ಪಾಲು ಗಟ್ಟಿ ಇದೆ, ಹೆಂಚು ಕೂರುವ ಮರದ ರೀಪು ಲಡ್ಡಾಗಿ ಪುಡಿ ಉದುರುತ್ತಿದೆ, ಅದನ್ನೆಲ್ಲ ಬದಲಾಯಿಸಿ, ಮಂಗ ಓಡುವ ಜಾಗಕ್ಕೆ ಮೇಲೆ ತಂತಿ ಬಲೆ ಹಾಕೋಣ ಅಂದ. ಮಗ ಸ್ವಲ್ಪ ಗಂಟಲು ಸರಿಮಾಡಿಕೊಂಡು, "ಗ್ಯಾರಂಟಿ ಎಷ್ಟು ವರ್ಷ?" ಅಂತ ಕೇಳಿದ.

"ಅದೆಲ್ಲ ಗೊತ್ತಿಲ್ಲ ಸಾರ್. ಮೊದಲ ದೊಡ್ಡ ಮಳೆಗೆ ನಾನೇ ಬಂದು ನಿಮ್ಮನೇಲಿ ಕೂತ್ಕೊಳ್ತೀನಿ."

ಹನ್ನೆರಡು ದಿನ ಕೆಲಸ ಮಾಡಿದ. ಒಂದೊಂದು ಹೆಂಚನ್ನೂ ಬೆರಳಲ್ಲಿ ಬಡಿದು, ಸದ್ದು ಕೇಳಿ, ಸರಿ ಇದ್ದದ್ದನ್ನು ಮಾತ್ರ ಮೇಲೆ ಕಳಿಸಿದ. ನಾನು ಕೆಳಗೆ ನಿಂತು ಅವನಿಗೆ ಸಾಕು ಸಾಕು ಅನ್ನುವಷ್ಟು ತಪ್ಪು ಹುಡುಕಿದೆ. "ಅಮ್ಮ, ನೀವೂ ಹತ್ತಿ ಬನ್ನಿ, ಒಬ್ರು ಕಡಿಮೆ ಇದಾರೆ," ಅಂದ ಒಂದು ದಿನ. ಮಂಗಗಳು ಬಲೆ ನೋಡಿ ಪಕ್ಕದ ಮನೆಯ ಮಾಡಿನ ಮೇಲೆ ಸಾಲಾಗಿ ಕೂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದವು. ಕೊನೆಯ ದಿನ ನಾನು ನಮ್ಮ ಅಟ್ಟಕ್ಕೆ ಬಾಣಂತಿಯ ಹತ್ತಿ ಹಾಸಿಗೆ, ಮಗುವಿಗೆ ಅಂತ ಹೊಲಿಸಿದ ಹಳೇ ಸೀರೆಯ ದುಪಟಿ, ಹಪ್ಪಳದ ಡಬ್ಬ ಎಲ್ಲ ಸಾಗಿಸಿದೆ. ಮಗ ಹೆದರಿದ. "ಒಂದು ಮಳೆ ನೋಡಿ ಆಮೇಲಿಡಮ್ಮ." ನೋಡಿ ಆಮೇಲೆ ಇಡುವುದಾದರೆ ಇಷ್ಟು ಅಟ್ಟ ಹತ್ತಿದ್ದು ಯಾಕೆ?

ಜ್ಯೇಷ್ಠದ ಮೊದಲ ವಾರ, ಬೆಳಿಗ್ಗೆಯೇ ಮೋಡ ಕವಿಯಿತು. ಮೊಮ್ಮಗಳು ಆಗಲೇ ನಮ್ಮನೆಗೆ ಬಂದಿದ್ದಳು, ತುಂಬಿದ ಬಸುರಿ, ಆದರೆ ಅವಳ ಬಟ್ಟೆಯ ಚೀಲ ಬಿಚ್ಚಿರಲಿಲ್ಲ. ತೀರ್ಥಹಳ್ಳಿಯವನು ಮೊದಲ ಬಸ್ಸಿಗೇ ಬಂದು ಇಳಿದ. ಬೀಗಿತ್ತಿ ಹತ್ತು ಗಂಟೆಗೆ ಬಂದಳು. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಮಳೆ ಹೊಡೆಯಿತು ನೋಡಿ, ಮಾತು ಕೇಳಿಸದ ಹಾಗೆ. ನಾವೆಲ್ಲ ಅನ್ನ ಬಿಟ್ಟು ಮೇಲೆ ನೋಡುತ್ತಾ ಕೂತೆವು. ನಡುಮನೆ ಒಣ. ಹಿಂದಿನ ಕೋಣೆ ಒಣ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಟಪ್ ಅಂತ ಒಂದು ಸದ್ದು.

ಮೊಮ್ಮಗಳ ಮುಖ ನೋಡಬೇಕಿತ್ತು. ಸೊಸೆಯದ್ದಂತೂ ಹೇಳುವುದೇ ಬೇಡ. ಬೀಗಿತ್ತಿ ಬಾಯಿ ತೆರೆಯುವುದರೊಳಗೆ ಹೆಂಚಿನವನು ಎಲೆಯಿಂದ ಎದ್ದು, ಕೈ ತೊಳೆಯದೆ ಏಣಿ ಹತ್ತಿದ. ಎರಡು ಮಾಡು ಕೂಡುವ ಮೂಲೆಯಲ್ಲಿ ನೀರು ಹೋಗಲು ತಗಡಿನ ದೋಣಿ ಹಾಕಿದ್ದ. ಒಂದು ಹೆಂಚು ಒಳಗಿನಿಂದಲೇ ಸರಿಸಿ, ತೋಳು ಹೊರಗೆ ಹಾಕಿ ಏನನ್ನೋ ಎಳೆದ. ಮುಷ್ಟಿ ತುಂಬ ಹಲಸಿನ ತರಗೆಲೆ, ಅದರ ಜೊತೆ ಮಂಗ ತಿಂದು ಎಸೆದ ಬಾಳೆಹಣ್ಣಿನ ಸಿಪ್ಪೆ. ಬಲೆ ಹಾಕಿದ ಸಿಟ್ಟಿಗೇ ಎಸೆದಿರಬೇಕು. ದೋಣಿಯಲ್ಲಿ ನೀರು ಗಳಗಳ ಅಂತ ಹೋಯಿತು. ಎರಡನೇ ಹನಿ ಬೀಳಲಿಲ್ಲ.

"ಬಿತ್ತು," ಅಂದಳು ಬೀಗಿತ್ತಿ.

"ಒಂದು," ಅಂದೆ.

"ಒಂದು ಹನಿ ಬಿದ್ರೂ ಅಂತ ಮಾತಾಗಿತ್ತು ಅಮ್ಮ."

"ಅದು ಮಾಡಿನ ಹನಿ ಅಲ್ಲ, ಮಂಗನ ಹನಿ."

ಬೀಗಿತ್ತಿ ಸೀರೆ ಎತ್ತಿ ಸಿಕ್ಕಿಸಿಕೊಂಡು ತಾನೇ ಅಟ್ಟ ಹತ್ತಿದಳು. ಈ ಸಲ ಏಣಿಗೆ ಸಿಕ್ಕಿಕೊಳ್ಳಲಿಲ್ಲ, ರೂಢಿಯಾಗಿತ್ತಲ್ಲ. ಬಹಳ ಹೊತ್ತಾದರೂ ಇಳಿಯಲಿಲ್ಲ. ಹಾಸಿಗೆ ಮುಟ್ಟಿ ನೋಡುತ್ತಿರಬೇಕು, ದುಪಟಿ ಮೂಸಿ ನೋಡುತ್ತಿರಬೇಕು ಅಂದುಕೊಂಡೆ. ಕೊನೆಗೆ ಅಟ್ಟದಿಂದಲೇ ಕಟುಂ ಅಂತ ಒಂದು ಸದ್ದು. ತಲೆಗೆ ಜೇಡರ ಬಲೆ ಮೆತ್ತಿಕೊಂಡು, ಬಾಯಲ್ಲಿ ಹಸೀ ಹಪ್ಪಳ ಅಗಿಯುತ್ತಾ ಇಳಿದು ಬಂದಳು.

"ಹಪ್ಪಳ ಗರಿಗರಿ ಇದೆ," ಅಂದಳು. ನನ್ನ ಸೊಸೆಯ ಕಡೆ ತಿರುಗಿ, "ಹುಡುಗಿ ಚೀಲ ಬಿಚ್ಚಿಡಮ್ಮ. ಇಲ್ಲೇ ಇರ್ಲಿ," ಅಂದಳು. ಸೊಸೆ ಚೀಲ ಬಿಚ್ಚಲು ಹೋದವಳು ಒಳಗೇ ನಿಂತಳು. ಅತ್ತಳೋ ಏನೋ, ನಾನು ನೋಡಲು ಹೋಗಲಿಲ್ಲ. ಹೆಂಚಿನವನಿಗೆ ಇನ್ನೆರಡು ಸೌಟು ಅನ್ನ ಹಾಕಿದೆ.

ಆಷಾಢದಲ್ಲಿ ಹೆಣ್ಣು ಮಗು ಆಯಿತು. ಹಿಂದಿನ ಕೋಣೆಯಲ್ಲಿ ಸೀಮೆಸುಣ್ಣದ ಗುರುತು ಇದ್ದ ಜಾಗದಲ್ಲೇ ತೊಟ್ಟಿಲು ಹಾಕಿದೆವು. ಬೀಗಿತ್ತಿ ಮಗು ನೋಡಲು ಎರಡು ದಿನಕ್ಕೆ ಅಂತ ಬಂದವಳು ಇಪ್ಪತ್ತು ದಿನ ಉಳಿದಳು. ಯಾಕೆ ಅಂತ ನನಗೆ ಗೊತ್ತಿತ್ತು, ಕಾರ್ಗಲ್ಲಿನಲ್ಲಿ ಆಗ ಮಳೆ ಜೋರು. ಒಂದು ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಬೀಗರ ಫೋನು ಬಂತು. ಸ್ಪೀಕರ್ ಹಾಕಿಯೇ ಮಾತಾಡಿದಳು.

"ಮನೇಲಿ ಬಕೆಟ್ ಸಾಲ್ತಾ ಇಲ್ಲ ಮಾರಾಯ್ತಿ. ಇನ್ನೊಂದು ಇತ್ತಲ್ಲ, ಹಸಿರು ಬಣ್ಣದ್ದು, ಎಲ್ಲಿದೆ?"

"ಅದು ಇಲ್ಲಿಗೆ ತಂದಿದೀನಿ. ಮಗು ಸ್ನಾನಕ್ಕೆ ಬೇಕು."

ಆ ಕಡೆ ಪಾತ್ರೆ ಎಳೆದಿಡುವ ಸದ್ದು ಕೇಳಿಸಿತು. ಆಮೇಲೆ ಬೀಗರು ಸಣ್ಣ ದನಿಯಲ್ಲಿ, "ಆ ತೀರ್ಥಹಳ್ಳಿಯವನ ನಂಬರ್ ಅಮ್ಮನ ಹತ್ರ ಉಂಟಾ ಕೇಳು," ಅಂದರು.

ಬೀಗಿತ್ತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ಎಣ್ಣೆ ಕೈಯಲ್ಲೇ ಮಗುವನ್ನು ತಿರುಗಿಸಿ ಹಾಕಿ ಬೆನ್ನು ತಿಕ್ಕಿದೆ. "ಉಂಟು ಅನ್ನಿ," ಅಂದೆ. "ಆದ್ರೆ ದೀಪಾವಳಿ ಕಳೀಬೇಕು. ಅವನಿಗೀಗ ಪುರುಸೊತ್ತಿಲ್ಲ."